ಕಪಾಟಿನಲ್ಲಿದ್ದ ಕಿವಿ

ನನ್ನ ಹೆಂಡತಿ ನೀಲವ್ವ, ನಾನು ಅವಳಿಗೆ ಆಡಿದ ಕೊನೆಯ ಮಾತು ಕೇಳಿಸದೆಯೇ ತೀರಿಕೊಂಡಳು. ಅವಳ ಕಿವಿಯ ಯಂತ್ರ ಬಂದಿತ್ತು. ನಾನು ಕೂಡುವ ಕಚೇರಿಯ ಕಪಾಟಿನಲ್ಲಿ, ಅವಳ ಹೆಸರು ಹಚ್ಚಿದ ಡಬ್ಬಿಯಲ್ಲಿ ಇತ್ತು. ಕಪಾಟಿನ ಕೀಲಿ ನನ್ನ ಅಂಗಿಯ ಕಿಸೆಯಲ್ಲಿತ್ತು. ‘ಇನ್ನೂ ಬಂದಿಲ್ಲ’ ಎಂದು ನಾನು ಅವಳಿಗೆ ಹೇಳಿದ್ದೆ — ಒಂದು ಸಲ ಅಲ್ಲ, ಅವಳು ಕೇಳಿದಾಗಲೆಲ್ಲ.

ಇಷ್ಟು ಬರೆದುಬಿಟ್ಟರೆ ಮುಂದಿನದು ಸುಲಭವಾದೀತು ಅಂದುಕೊಂಡಿದ್ದೆ. ಆಗುತ್ತಿಲ್ಲ. ಯಾಕೆ ಹಾಗೆ ಹೇಳಿದೆ ಎಂದು ನನ್ನನ್ನೇ ಕೇಳಿಕೊಂಡರೆ ಒಂದೊಂದು ದಿನ ಒಂದೊಂದು ಉತ್ತರ ಖರೇ ಅನ್ನಿಸುತ್ತದೆ.

ನೀವು ಕಮರಿಪೇಟೆಯವರಾಗಿದ್ದರೆ ನನ್ನ ಬರಹ ಓದಿಯೇ ಇರುತ್ತೀರಿ. ದಿನಾ ಮುಂಜಾನೆ ಶಾಸಕರ ಜನಸಂಪರ್ಕ ಕಚೇರಿಯಿಂದ ನಿಮ್ಮ ಮೊಬೈಲಿಗೆ ಸುದ್ದಿ ಬರುತ್ತದಲ್ಲ — ಇವತ್ತು ಯಾವ ಓಣಿಗೆ ನೀರು ಬಿಡುತ್ತಾರೆ, ಎಲ್ಲಿ ಕರೆಂಟ್ ಇರುವುದಿಲ್ಲ, ಕಣ್ಣಿನ ತಪಾಸಣೆ ಯಾವ ಸಾಲಿಯಲ್ಲಿ, ವಿಧವಾ ವೇತನಕ್ಕೆ ಯಾರನ್ನು ಕಾಣಬೇಕು — ಅದನ್ನು ಬರೆಯುವವನು ನಾನು. ಕೆಳಗೆ ಹೆಸರು ಮಾತ್ರ ಶಾಸಕರದು, ನಮ್ಮ ಸಾಹೇಬರದು. ಹತ್ತಿಯ ದಲ್ಲಾಳಿ ಅಂಗಡಿಯಲ್ಲಿ ಗುಮಾಸ್ತನಾಗಿದ್ದ ನನಗೆ, ಆ ಕೆಲಸ ಬಿಟ್ಟ ಮೇಲೆ ಇದು ಸಿಕ್ಕಿತು. ಕನ್ನಡ ತಪ್ಪಿಲ್ಲದೆ ಬರೆಯುತ್ತೇನೆಂದು ಕೊಟ್ಟರು.

ನನ್ನ ಮೊದಲ ಓದುಗಿತ್ತಿ ನೀಲವ್ವ. ಅವಳಿಗೆ ಕಿವಿ ಮೆಲ್ಲಗೆ, ನಮಗೆ ಗೊತ್ತೇ ಆಗದ ಹಾಗೆ ಹೋಯಿತು. ಮೊದಮೊದಲು ಕುಕ್ಕರಿನ ಸೀಟಿ ಕೇಳದೆ ಅನ್ನ ಸೀಯುತ್ತಿತ್ತು. ಆಮೇಲೆ ನಾನು ಬಾಗಿಲು ಬಡಿದರೂ ಕೇಳದಾಯಿತು. ಓಣಿಯ ಹೆಂಗಸರು ಕಟ್ಟೆಯ ಮೇಲೆ ಕೂತು ಮಾತಾಡುವುದು ತಿಳಿಯದಾದಾಗ ಅವಳು ಅಲ್ಲಿಗೆ ಹೋಗುವುದನ್ನೇ ಬಿಟ್ಟಳು. ಊರ ಸುದ್ದಿ ಅವಳಿಗೆ ತಿಳಿಯುತ್ತಿದ್ದದ್ದು ಮೊಬೈಲಿನಿಂದ, ಅಂದರೆ ನನ್ನಿಂದ. ಓದಿ ತಪ್ಪು ಹಿಡಿಯುತ್ತಿದ್ದಳು.

“ನೀರ ಬಿಡ್ತಾರ ಅಂತ ಬರದೀರಿ. ಮುಂಜಾನಿನೋ ಸಂಜಿನೋ? ಹೆಣ್ಮಕ್ಕಳು ದಿನಾಪೂರ್ತಿ ಕೊಡ ಹಿಡ್ಕೊಂಡ ಕೂಡಬೇಕೇನ್ರಿ?”

ನಾನು ತಿದ್ದುತ್ತಿದ್ದೆ. ಮೊಬೈಲಿನಲ್ಲಿ ಬಂದದ್ದನ್ನು ಅವಳು ನಂಬುತ್ತಿದ್ದಳು. ಅದನ್ನು ಬರೆದವನು ಗಂಡ ಎನ್ನುವುದಕ್ಕೋ, ಸಾಹೇಬರ ಹೆಸರಿದೆ ಎನ್ನುವುದಕ್ಕೋ — ನಾನು ಕೇಳಲಿಲ್ಲ.

ಒಮ್ಮೆ ಸಾಹೇಬರು ಕಿವಿ ತಪಾಸಣೆಯ ಶಿಬಿರ ಮಾಡಿಸಿದರು. ನೀಲವ್ವನನ್ನು ಕರೆದುಕೊಂಡು ಹೋದೆ. ಡಾಕ್ಟರಮ್ಮ ಕಣಕದಂಥದ್ದೇನನ್ನೋ ಅವಳ ಕಿವಿಯೊಳಗೆ ತುಂಬಿ, ಗಟ್ಟಿಯಾದ ಮೇಲೆ ತೆಗೆದು, ಅಚ್ಚು ತೆಗೆದುಕೊಂಡರು. ಒಬ್ಬರ ಅಚ್ಚು ಇನ್ನೊಬ್ಬರ ಕಿವಿಗೆ ಕೂಡುವುದಿಲ್ಲವಂತೆ. ಅವತ್ತು ಸಂಜೆ ನೀಲವ್ವ ಭಾಳ ಮಾತಾಡಿದಳು.

“ನಿಮ್ಮ ದನಿ ಹೆಂಗಿತ್ತು ಅನ್ನೂದ ಮರತೇನ್ರಿ. ಯಂತ್ರ ಹಾಕಿದ ಕೂಡ್ಲೆ ಮೊದಲ ನೀವ ಮಾತಾಡ್ಬೇಕು. ಸಾಹೇಬ್ರು ಭಾಷಣಾ ಆಮ್ಯಾಲೆ ಮಾಡ್ಲಿ.”

ಯಂತ್ರಗಳು ಬಂದವು. ಪ್ರತಿ ಡಬ್ಬಿಯ ಮೇಲೂ ಸಾಹೇಬರ ಫೋಟೋದ ಸ್ಟಿಕ್ಕರ್ ಹಚ್ಚುವ ಕೆಲಸ ನನ್ನದು. ಅವಳ ಡಬ್ಬಿಗೂ ಹಚ್ಚಿದೆ, ಉಳಿದವಕ್ಕಿಂತ ನೆಟ್ಟಗೆ. ಸಾಹೇಬರ ಪಿ.ಎ. ಬಂದು ಹೇಳಿದರು:

“ಸಾಹೇಬ್ರ ಕೈಲೇ ಕೊಡಸೂದೈತಿ. ತಾರೀಖ ಸಿಗೋತನಾ ಬಂದಾವು ಅಂತ ಯಾರಿಗೂ ಬಾಯಿ ಬಿಡಬ್ಯಾಡ್ರಿ. ನಾಳೆ ಎಲ್ಲಾರೂ ಬಾಗ್ಲಿಗಿ ಬಂದ್ ನಿಂದರ್ತಾರ.”

ಇದು ಹೊಸದೇನಲ್ಲ. ಹೊಲಿಗೆ ಯಂತ್ರ, ಸೈಕಲ್ಲು, ಕನ್ನಡಕ — ಎಲ್ಲವೂ ಹೀಗೇ ಸಾಹೇಬರ ದಾರಿ ಕಾಯುತ್ತಿದ್ದವು. ವೇದಿಕೆ, ಶಾಲು, ಫೋಟೋ ಇಲ್ಲದೆ ಕೊಟ್ಟದ್ದು ಕೊಟ್ಟ ಹಾಗಲ್ಲ ಎಂದು ನಾವೆಲ್ಲ ನಂಬಿದ್ದೆವು. ಆ ದಿನದ ಸುದ್ದಿಯಲ್ಲಿ ನಾನು ಬರೆದೆ: ‘ಶ್ರವಣ ಯಂತ್ರಗಳು ಶೀಘ್ರದಲ್ಲೇ ಬರಲಿವೆ.’ ಬರೆಯುವಾಗ ಕಪಾಟು ನನ್ನ ಬೆನ್ನ ಹಿಂದೆಯೇ ಇತ್ತು.

ಸಾಹೇಬರು ಅಧಿವೇಶನಕ್ಕೆ ಹೋದರು. ಬಂದ ಮೇಲೆ ಮದುವೆಗಳು ಶುರುವಾದವು, ದಿನಾ ಒಂದಲ್ಲ ಒಂದು ಮದುವೆಯ ಊಟ. ಪಿ.ಎ. ಅವರೇ ಒಮ್ಮೆ ನನ್ನ ಮುಖ ನೋಡಿ, “ನಿಮ್ಮ ಮನಿಯವ್ರದ ತಗೊಂಡ ಹೋಗ್ರಿ ಗುರಪ್ಪಾರ. ಯಾರ ಕೇಳ್ತಾರ?” ಅಂದರು.

ನಾನು ಒಲ್ಲೆ ಅಂದೆ. “ಎಲ್ಲಾರ ಜೋಡಿನ ಬರ್ಲಿ ಬಿಡ್ರಿ.”

ಅದು ಪ್ರಾಮಾಣಿಕತನ ಎಂದು ಆಗ ಅಂದುಕೊಂಡೆ. ಕಚೇರಿಯವನ ಹೆಂಡತಿಗೆ ಮೊದಲು ಸಿಕ್ಕಿತು ಎಂದು ಓಣಿಯವರು ಆಡಬಾರದು — ಹೌದು, ಅದೂ ಇತ್ತು. ಆದರೆ ಅದರ ಕೆಳಗೆ ಇನ್ನೊಂದಿತ್ತು. ಯಂತ್ರ ಹಾಕಿದ ಕ್ಷಣದಲ್ಲಿ ನೀಲವ್ವನ ಮುಖ ಹೇಗಾಗಬಹುದು ಎಂದು ನಾನು ಮನಸ್ಸಿನಲ್ಲಿ ಎಷ್ಟೋ ಸಲ ನೋಡಿಕೊಂಡಿದ್ದೆ. ಆ ಫೋಟೋ ನನಗೆ ಬೇಕಿತ್ತು. ವೇದಿಕೆಯ ಮೇಲೆ, ಸಾಹೇಬರ ಪಕ್ಕದಲ್ಲಿ, ನನ್ನ ಸುದ್ದಿಗೆ ಹಾಕಲು. ಊರಿಗೆಲ್ಲ ತೋರಿಸಲು. ಇದನ್ನು ಬರೆಯುವಾಗ — ಬೇಡ, ಬರೆದಾಯಿತು.

ನಮ್ಮ ಓಣಿಯ ಖಾದರ್ ಕಾಕಾ ಅವರ ಡಬ್ಬಿಯೂ ಅದೇ ಕಪಾಟಿನಲ್ಲಿತ್ತು. ತಾರಿಹಾಳದ ಕಾರ್ಖಾನೆಯಲ್ಲಿ ತಗಡು ಬಡಿಬಡಿದು ಕಿವಿ ಕಳೆದುಕೊಂಡವರು. ಈಗ ಸ್ಟೋವು, ಮಿಕ್ಸಿ ರಿಪೇರಿಯ ಸಣ್ಣ ಅಂಗಡಿ ಇಟ್ಟಿದ್ದಾರೆ. ನೀಲವ್ವನನ್ನು ತಂಗಿ ಅನ್ನುತ್ತಿದ್ದರು. ಕಚೇರಿಯ ಮುಂದೆ ಹಾಯುವಾಗ ಬಾಗಿಲಲ್ಲೇ ನಿಂತು, ಕಿವುಡರು ಒದರುವಂತೆ ಒದರುತ್ತಿದ್ದರು:

“ಏನಪಾ ಗುರಪ್ಪ, ನಮ್ಮ ಕಿವಿ ಟೇಶನ್ನಿಗೆ ಇಳದಾವೋ ಇಲ್ಲೋ? ಟಿಕೀಟ ಇಲ್ದ ಬಂದು ಸಿಕ್ಕೊಂಡಾವೇನ?”

ನಾನು ನಗುತ್ತ ಅಂಗೈ ಅಲ್ಲಾಡಿಸುತ್ತಿದ್ದೆ. ಬಂದಿಲ್ಲ. ಮನೆಯಲ್ಲಿ ನೀಲವ್ವ ಹುಬ್ಬು ಹಾರಿಸಿ ಕೇಳಿದರೂ ಅದೇ ಅಂಗೈ.

ಆಮೇಲೆ ಲೋಕಸಭೆ ಚುನಾವಣೆ ಘೋಷಣೆಯಾಯಿತು. ನೀತಿ ಸಂಹಿತೆ ಎಂದು ಕಚೇರಿಯ ಬೋರ್ಡಿಗೆ ಕಾಗದ ಹಚ್ಚಿದೆವು. ಸಾಹೇಬರ ಫೋಟೋ ಇದ್ದ ಡಬ್ಬಿಗಳನ್ನು ಈಗ ಯಾರಿಗೂ ಕೊಡುವ ಹಾಗಿಲ್ಲ. ಸ್ಟಿಕ್ಕರ್ ಕಿತ್ತರೆ ಕೊಡಬಹುದಿತ್ತೇನೋ. ಅವಳದೊಂದನ್ನಾದರೂ. ಕೀಳಲಿಲ್ಲ.

ಆ ದಿನಗಳಲ್ಲೇ ಒಂದು ಮಧ್ಯಾಹ್ನ ನೀಲವ್ವ ಎದೆ ಹಿಡಿದುಕೊಂಡು ಅಡಿಗೆಮನೆಯಲ್ಲಿ ಕುಸಿದಳು. ದವಾಖಾನೆಯಲ್ಲಿ ಮಲಗಿಸಿದ ಮೇಲೆ ಸ್ವಲ್ಪ ಚೇತರಿಸಿಕೊಂಡಂತೆ ಕಂಡಳು. ನನ್ನ ತುಟಿಗಳನ್ನೇ ನೋಡುತ್ತಿದ್ದಳು. ನಾನು ಅವಳ ಕೈ ಹಿಡಿದು, “ನೀ ಇಲ್ದ ನನಗ ಆಗೂದಿಲ್ಲ” ಅಂದೆ. ಜೀವನದಲ್ಲಿ ಎಂದೂ ಹೇಳಿದ್ದಿಲ್ಲ.

“ಏನಂದ್ರಿ?”

ಸ್ವಲ್ಪ ಜೋರಾಗಿ ಹೇಳಿದೆ. ನರ್ಸಬಾಯಿ ತಿರುಗಿ, “ಕಾಕಾರ, ಬಾಜೂಕ ಪೇಶಂಟ್ ಅದಾರ್ರಿ, ಸಾವಕಾಶ ಮಾತಾಡ್ರಿ” ಅಂದಳು. ಪಕ್ಕದ ಹಾಸಿಗೆಯವರೆಲ್ಲ ನನ್ನ ಕಡೆ ನೋಡುತ್ತಿದ್ದರು. ಒದರಿ ಹೇಳುವ ಮಾತಲ್ಲ ಅದು. ಮೊಬೈಲಿನಲ್ಲಿ ಬರೆದು ತೋರಿಸುವುದು ಹೊಳೆಯಲೇ ಇಲ್ಲ.

“ಏನಂದ್ರಿ?” ಅವಳು ಮತ್ತೆ ಕೇಳಿದಳು.

ನಾನು ಅಂಗೈ ಅಲ್ಲಾಡಿಸಿದೆ. ಏನಿಲ್ಲ. ‘ಬಂದಿಲ್ಲ’ ಎನ್ನಲು ಆಡಿಸುತ್ತಿದ್ದ ಅದೇ ಕೈ.

ಕಚೇರಿ ದೂರವಿರಲಿಲ್ಲ. ಆಟೋದಲ್ಲಿ ಹೋಗಿ ತರಬಹುದಿತ್ತು. ಕೀಲಿ ಕಿಸೆಯಲ್ಲಿದೆಯೇ ಎಂದು ಮುಟ್ಟಿ ನೋಡಿಕೊಂಡೆ — ಆ ಮುಟ್ಟಿದ್ದು ಇನ್ನೂ ಬೆರಳಿಗೆ ನೆನಪಿದೆ. ಆದರೆ ತಂದು ಹಾಕಿದರೆ ಅವಳು ಮೊದಲು ಕೇಳುವುದು, ‘ಇದು ಯಾವಾಗ ಬಂತು?’ ಅಂತ. ಆ ಪ್ರಶ್ನೆಗೆ ಹೆದರಿ ನಾನು ಕುರ್ಚಿ ಬಿಟ್ಟು ಏಳಲಿಲ್ಲ. ಸಾಹೇಬರಲ್ಲ, ಪಿ.ಎ. ಅಲ್ಲ, ಚುನಾವಣೆಯೂ ಅಲ್ಲ. ಸಂಜೆಯಷ್ಟರಲ್ಲಿ ಅವಳು ಹೋದಳು.

ಮಣ್ಣು ಮಾಡುವಾಗ ಖಾದರ್ ಕಾಕಾ ನನ್ನ ಹೆಗಲ ಮೇಲೆ ಕೈ ಇಟ್ಟು ನಿಂತಿದ್ದರು.

ಚುನಾವಣೆ ಮುಗಿದ ಮೇಲೆ ಕಾರ್ಯಕ್ರಮ ಆಯಿತು. ಸಾಹೇಬರು ಖಾದರ್ ಕಾಕಾಗೆ ಶಾಲು ಹೊದಿಸಿದರು, ಯಂತ್ರ ಹಾಕಿಸಿದರು. ಚಪ್ಪಾಳೆಗೆ ಕಾಕಾ ಬೆಚ್ಚಿಬಿದ್ದು, ಆಮೇಲೆ ಕೂಸಿನ ಹಾಗೆ ನಕ್ಕರು. ಆ ಫೋಟೋ ನಾನೇ ತೆಗೆದೆ. ಛಲೋ ಬಂದಿತ್ತು. ‘ಎಲ್ಲ ಫಲಾನುಭವಿಗಳಿಗೂ ವಿತರಿಸಲಾಯಿತು’ ಎಂದು ಬರೆದೆ. ಒಂದು ಡಬ್ಬಿ ಕಪಾಟಿನಲ್ಲೇ ಉಳಿಯಿತು. ವೇದಿಕೆಯಿಂದ ಇಳಿದ ಕಾಕಾ ನನ್ನನ್ನು ಹುಡುಕಿಕೊಂಡು ಬಂದು, “ತಂಗೀದು ಸ್ವಲ್ಪ ಲಗೂ ಬಂದಿದ್ರ ಎಷ್ಟ ಛಲೋ ಇತ್ತಲ್ಲೋ ಗುರಪ್ಪ” ಅಂದರು. ನಾನು ಹೂಂ ಅಂದೆ. ಆ ಹೂಂ ಅವರಿಗೆ ಸ್ಪಷ್ಟವಾಗಿ ಕೇಳಿಸಿತು.

ಅದಾಗಿ ಕೆಲವು ವರ್ಷಗಳಾದವು. ಕಚೇರಿಗೆ ಹೋಗುತ್ತಲೇ ಇದ್ದೇನೆ. ಮನೆಯಲ್ಲಿ ಕೂತು ಏನು ಮಾಡಲಿ ಗೊತ್ತಿಲ್ಲ. ಮೊನ್ನೆ ಗಾಲಿಕುರ್ಚಿಗಳು ಬಂದವು. ಪಿ.ಎ. ಬದಲಾಗಿದ್ದಾರೆ, ಮಾತು ಅದೇ. ತಾರೀಖ ಸಿಗೋತನಾ ಬಾಯಿ ಬಿಡಬ್ಯಾಡ್ರಿ. ಮರುದಿನ ಮುಂಜಾನೆಯ ಸುದ್ದಿಯಲ್ಲಿ ನಾನು ಬರೆದೆ: ‘ಗಾಲಿಕುರ್ಚಿಗಳು ಬಂದಿವೆ. ಬಂದು ಒಯ್ಯಿರಿ.’ ಮುಂದೇನಾಗುತ್ತದೋ. ಬರೆದ ಮೇಲೆ ಹಗುರಾಗುತ್ತೇನೆ ಅಂದುಕೊಂಡಿದ್ದೆ, ಹಾಗೇನೂ ಆಗಲಿಲ್ಲ. ಇಷ್ಟು ಸುಲಭದ್ದಾಗಿತ್ತಲ್ಲ ಎಂದು ಬರೆದದ್ದನ್ನೇ ಮತ್ತೆ ಓದಿದೆ.

ಕಪಾಟಿನಿಂದ ನೀಲವ್ವನ ಡಬ್ಬಿ ತೆಗೆದುಕೊಂಡು ಖಾದರ್ ಕಾಕಾನ ಅಂಗಡಿಗೆ ಹೋದೆ. ಅವರು ಒಂದು ಮಿಕ್ಸಿ ಬಿಚ್ಚಿಕೊಂಡು ಕೂತಿದ್ದರು. ಡಬ್ಬಿ ತೆರೆದು ಯಂತ್ರವನ್ನು ಮೇಜಿನ ಮೇಲಿಟ್ಟೆ. ಅವಳ ಕಿವಿಯ ಅಚ್ಚು ಅದರಲ್ಲಿ ಹಾಗೇ ಇತ್ತು, ಅವಳ ಮೈಯದೆಂದು ಈಗ ಉಳಿದಿರುವ ಒಂದೇ ಆಕಾರ. ಎಲ್ಲ ಹೇಳಿದೆ. ಅವರಿಗೆ ಕೈ ಅಲ್ಲಾಡಿಸಿದ್ದು, ಅವಳಿಗೆ ಅಲ್ಲಾಡಿಸಿದ್ದು, ದವಾಖಾನೆಯ ಕುರ್ಚಿ.

ಕಾಕಾ ಪೂರ್ತಿ ಕೇಳಿದರು. ಬೈಯಲಿಲ್ಲ. ಬೈದಿದ್ದರೆ — ಗೊತ್ತಿಲ್ಲ. ಎಣ್ಣೆಗೈಯನ್ನು ಬಟ್ಟೆಗೆ ಒರೆಸಿಕೊಂಡರು. ತಮ್ಮ ಕಿವಿಯಲ್ಲಿದ್ದ ಯಂತ್ರ ತೆಗೆದು, ಅವಳದರ ಪಕ್ಕದಲ್ಲಿಟ್ಟು, ಮತ್ತೆ ಮಿಕ್ಸಿಯ ತಿರುಪು ಬಿಚ್ಚತೊಡಗಿದರು.

ನಾನು ಇನ್ನೂ ಏನೋ ಹೇಳುವುದಿತ್ತು.