ಸೂರಿನ ಕೆಳಗೆ ಹನ್ನೊಂದು ವರ್ಷ

ಕೆಲಸದ ಜಾಗದಲ್ಲಿ ಅವಳನ್ನು ಎಲ್ಲರೂ ಹತ್ತಿಯಕ್ಕ ಎಂದೇ ಕರೆಯುತ್ತಿದ್ದರು. ಸೂರಿನ ಕೆಳಗಿನ ಇಕ್ಕಟ್ಟಿನಲ್ಲಿ ಅಂಗಾತ ಮಲಗಿ, ಬಿಸಿಲಿನ ಕಾವು ಒಳಗಿಳಿಯದಂತೆ ಹತ್ತಿಯಂಥ ಗಾಜಿನ ನಾರು ತುರುಕುವುದು ಅವಳ ಕೆಲಸ. ಸಂಜೆ ಇಳಿದು ಬರುವಾಗ ಕಪ್ಪು ಮೈತುಂಬ ಬಿಳಿ ನಾರು ಮೆತ್ತಿಕೊಂಡಿರುತ್ತಿತ್ತು. "ದಿನಕ್ಕೊಂದು ಸಲ ನಾನೂ ಬೆಳ್ಳಗಾಗ್ತೀನಿ ನೋಡ್ರಪ್ಪ" ಎಂದು ಅವಳೇ ನಗುತ್ತಿದ್ದಳು. ನಗುವಿನ ಬೆನ್ನಿಗೇ ಕೆಮ್ಮು ಬರುತ್ತಿತ್ತು.

ಹೀಗೆ ಹನ್ನೊಂದು ವರ್ಷ. ಅವಳು ದುಡಿದ ಕಟ್ಟಡಗಳೆಲ್ಲ ಕರೆಂಟು ಉಳಿಸುವ ಹಸಿರು ಕಟ್ಟಡ ಎಂದು ಹೆಸರಾದವು. ಮೇಲೆ ಸೋಲಾರ್ ಪ್ಯಾನೆಲ್ ಜೋಡಿಸುವ ಕೆಲಸ ಬೆಳ್ಳಗಿದ್ದವರಿಗೆ, ಒಳಗಿನ ದೂಳಿನ ಕೆಲಸ ಅವಳ ಬಣ್ಣದವರಿಗೆ. ಹಾಗೆಂದು ಯಾರೂ ಬರೆದಿಟ್ಟಿರಲಿಲ್ಲ. ಪ್ಯಾನೆಲ್ ತರಬೇತಿಗೆ ಮೂರು ಸಲ ಹೆಸರು ಕೊಟ್ಟಿದ್ದಳು. ಮೂರು ಸಲವೂ ಮೇಸ್ತ್ರಿ "ಮುಂದಿನ ಸಲ ನೋಡೋಣ" ಎಂದಿದ್ದ. ಮಾಸ್ಕ್ ಕೇಳಿದರೂ ಅದೇ ಉತ್ತರ.

ಹಸಿರು ಕಟ್ಟಡವೆಂದು ಸರ್ಟಿಫಿಕೇಟ್ ಕೊಡುವ ಸಂಸ್ಥೆಯ ಅಧಿಕಾರಿ, ಒಬ್ಬ ಹೆಂಗಸು, ತಪಾಸಣೆಗೆ ಬರುವ ದಿನ ಮೇಸ್ತ್ರಿ ಹೊಸ ಹೆಲ್ಮೆಟ್ ತಂದು ಅವಳ ತಲೆಗಿಟ್ಟ.

"ಅಕ್ಕಾ, ಮೇಲೆ ಪ್ಯಾನೆಲ್ ಪಕ್ಕ ನಿಂತ್ಕೋ. ಎಲ್ಲಾ ಬಣ್ಣದವರಿಗೂ ಎಲ್ಲಾ ಕೆಲಸ ಕೊಡ್ತೀವಿ ಅಂತ ತೋರಿಸ್ಬೇಕು. ಬಾಯಿ ಬಿಡ್ಬೇಡ, ನಗ್ತಾ ಇದ್ರೆ ಸಾಕು."

ಅವಳು ಹೋಗಿ ನಿಂತಳು. ಅಲ್ಲಿ ಗಾಳಿ ತಣ್ಣಗಿತ್ತು.

"ಇಲ್ಲಿ ನಿಮ್ಮ ಕೆಲಸ ಏನಮ್ಮಾ?" ಅಧಿಕಾರಿ ಕೇಳಿದಳು.

ಮೇಸ್ತ್ರಿ ಕಣ್ಣು ಕೆಕ್ಕರಿಸಿದ. ಕೆಲಸ ಹೋದರೆ ತಂಗಿಗೆ ಹೊರೆಯಾಗಬೇಕಲ್ಲ ಎಂದು ಅವಳಿಗೆ ಹೊಳೆಯಿತು. ಅಷ್ಟರಲ್ಲಿ ಮಾತು ಬಾಯಿ ದಾಟಿತ್ತು.

"ಇದನ್ನ ನಾನು ಮುಟ್ಟೇ ಇಲ್ಲ ತಾಯಿ. ನಾನು ಕೆಳಗೆ ಗಾಜಿನ ನಾರು ತುಂಬೋಳು. ನಮ್ಮೋರು ಆರು ಜನ ಇದೀವಿ, ಆರೂ ಜನ ಅಲ್ಲೇ. ಮೂಗಿಗೆ ಏನೂ ಇಲ್ಲ."

ಅಧಿಕಾರಿ ಒಂದೂ ಬಿಡದೆ ಬರೆದುಕೊಂಡಳು. ಮರುದಿನ ಆ ಆರು ಜನರನ್ನೂ ಗೇಟಿನಲ್ಲೇ ತಡೆದರು. ಜೊತೆಯವಳೊಬ್ಬಳು ಅವಳ ಮುಖ ನೋಡದೆ, "ನೀನು ಬಾಯಿ ಬಿಟ್ಟೆ, ನಮ್ಮ ಹೊಟ್ಟೆ ಮೇಲೆ ಹೊಡೆದ್ರು" ಎಂದಳು. ಅವಳಿಗೆ ಅದು ಮೇಸ್ತ್ರಿಯ ಬೈಗುಳಕ್ಕಿಂತ ಆಳವಾಗಿ ನಾಟಿತು.

ಕಟ್ಟಡಕ್ಕೆ ಸರ್ಟಿಫಿಕೇಟ್ ಎರಡು ತಿಂಗಳು ತಡವಾಯಿತು. ಆಮೇಲೆ ಸಿಕ್ಕಿತು. ನಾರು ತುಂಬಲು ಬಂದ ಹೊಸಬರೂ ಅವಳ ಬಣ್ಣದವರೇ, ಆದರೆ ಅವರಿಗೆ ಮಾಸ್ಕ್ ಕೊಟ್ಟಿದ್ದರಂತೆ. ಕೆಮ್ಮು ಜೋರಾಗಿ ಅವಳು ಸೇರಿದ್ದ ಆಸ್ಪತ್ರೆಗೆ ಆ ಸುದ್ದಿ ತಂದ ತಂಗಿ, ಮಂಚದ ತುದಿಯಲ್ಲಿ ಕುಳಿತು, "ಅಷ್ಟಾದ್ರೂ ಆಯ್ತಲ್ಲಕ್ಕಾ" ಎಂದಳು.

ಹತ್ತಿಯಕ್ಕನಿಗೆ ಉಸಿರು ಕೂಡಿಸಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು.

"ಒಳ್ಳೇದು ಕೊಟ್ಟಿದಾರಾ? ಇಲ್ಲಾ, ಬರೀ ಬಟ್ಟೇದಾ?"

ತಂಗಿಗೆ ಗೊತ್ತಿರಲಿಲ್ಲ. "ಒಳ್ಳೇದೇ ಕಣಕ್ಕಾ" ಎಂದುಬಿಟ್ಟಳು.

ವಾರ ಕಳೆಯುವುದರೊಳಗೆ ಹತ್ತಿಯಕ್ಕ ತೀರಿಕೊಂಡಳು. ಅವಳಿಗಾಗ ನಲವತ್ತೇಳು.