ಹೊಸ ಜೋಲಿಯ ನಾನೂರು ಗ್ರಾಂ

ತೂಕದಕ್ಕನಿಗೆ ಒಂದು ಕಡೆ ಕೂತು ಗೊತ್ತಿಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡವಳ ಹಾಗೆ ಹದಿನೆಂಟು ವರ್ಷಗಳಿಂದ ಅದೇ ನಾಲ್ಕು ಬೀದಿ ಸುತ್ತುತ್ತಿದ್ದಾಳೆ. ಅಲ್ಲಿರುವ ಸಣ್ಣ ಮಕ್ಕಳನ್ನೆಲ್ಲ ತಿಂಗಳಿಗೊಮ್ಮೆ ತೂಗಿ, ಅವರವರ ಬೆಳವಣಿಗೆ ಕಾರ್ಡಿನಲ್ಲಿ ಒಂದು ಚುಕ್ಕಿ ಇಡುವುದು ಅವಳ ಕೆಲಸ. ಚುಕ್ಕಿ ಹಸಿರು ಪಟ್ಟಿಯಲ್ಲಿ ಬಿದ್ದರೆ ಸರಿ, ಹಳದಿಯಾದರೆ ಎಚ್ಚರ. ಕೆಂಪಿನಲ್ಲಿ ಬಿದ್ದರೆ ಆ ಮಗುವಿಗೆ ವಾರಕ್ಕೆರಡು ಪೌಷ್ಟಿಕ ಹಿಟ್ಟಿನ ಪೊಟ್ಟಣ. ಅವಳ ನಿಜವಾದ ಹೆಸರು ಯಾರಿಗೂ ನೆನಪಿಲ್ಲ. ಕಟ್ಟಿಕೊಂಡ ಗಂಡನೂ ಸಿಟ್ಟು ಬಂದಾಗ "ತೂಕದಕ್ಕ" ಎಂದೇ ಕರೆಯುತ್ತಾನೆ. ಮನೆಗೆ ಮಾರಿ, ಊರಿಗೆ ಉಪಕಾರಿ ಎನ್ನುವುದು ಅವನ ಹಳೆಯ ದೂರು.

ಹೆತ್ತವರಿಗೆ ಹೆಗ್ಗಣ ಮುದ್ದು ಎಂಬುದು ಅವಳಷ್ಟು ಚೆನ್ನಾಗಿ ಬೇರೆ ಯಾರಿಗೂ ಗೊತ್ತಿರಲಾರದು. "ನಮ್ಮದು ಸ್ವಲ್ಪ ದಪ್ಪ ಆಗಿದೆ ಅಲ್ವಾ ಅಕ್ಕ?" ಎಂದು ತಾಯಂದಿರು ಬಾಯಿ ತೆರೆದರೆ ಸಾಕು, ಅವಳು ಕೈ ಅಡ್ಡ ಹಿಡಿಯುತ್ತಾಳೆ. "ನಾನೂ ಹೇಳಲ್ಲ, ನೀನೂ ಹೇಳ್ಬೇಡ. ಮುಳ್ಳು ಹೇಳ್ಲಿ."

ಆ ಮುಳ್ಳಿನ ವಿಷಯದಲ್ಲಿ ಅವಳು ಮಹಾ ಶಿಸ್ತಿನವಳು. ಅಡುಗೆಮನೆಯ ಬಾಗಿಲ ಹಿಂದಿನ ಮೊಳೆಗೆ ಗಡಿಯಾರದಂಥ ದುಂಡು ತಕ್ಕಡಿ, ಅದರ ಕೊಕ್ಕೆಯಲ್ಲಿ ಮಗುವನ್ನು ಕೂರಿಸುವ ಬಟ್ಟೆಯ ಜೋಲಿ. ದಿನಾ ಬೆಳಿಗ್ಗೆ ಮುಖ ತೊಳೆಯುವ ಮೊದಲೇ ಖಾಲಿ ಜೋಲಿ ತೂಗುಹಾಕಿ, ತಿರುಪು ತಿರುಗಿಸಿ, ಮುಳ್ಳನ್ನು ಸೊನ್ನೆಗೆ ತರಬೇಕು. ಹೀಗೆ ಜೋಲಿಯ ಭಾರ ಲೆಕ್ಕದಿಂದ ಬಿಟ್ಟುಹೋಗುತ್ತದೆ.

ಇವತ್ತು ಮೊಳೆಯಲ್ಲಿ ಜೋಲಿ ಇರಲಿಲ್ಲ.

"ಹರಿದಿತ್ತಲ್ಲ, ಸೈಕಲ್ ಒರೆಸೋಕೆ ತಗೊಂಡೆ," ಎಂದ ಗಂಡ, ತಲೆ ಎತ್ತದೆ.

ಹರಿದದ್ದು ನಿಜ. ಅದಕ್ಕೇ ಅವಳು ಕಳೆದ ತಿಂಗಳು ದಪ್ಪ ಕ್ಯಾನ್ವಾಸಿನ ಹೊಸ ಜೋಲಿ ಹೊಲಿಸಿದ್ದಳು. ಅದು ಒಗೆದು ಮಡಚಿ ಚೀಲದಲ್ಲಿತ್ತು. ಗೊಣಗುತ್ತಲೇ ತೆಗೆದು ಕೊಕ್ಕೆಗೆ ಹಾಕಿದಳು. ಮುಳ್ಳು ಸೊನ್ನೆ ದಾಟಿ ನಾನೂರು ಗ್ರಾಮಿನ ಮೇಲೆ ನಿಂತಿತು.

ಮುಳ್ಳು ನೋಡುತ್ತಲೇ ಲೆಕ್ಕ ಹಾಕಿದಳು. ಇಡೀ ತಿಂಗಳು ಅವಳು ಮನೆಯಲ್ಲಿ ಅಭ್ಯಾಸಬಲದಿಂದ ಹಳೆಯ ಜೋಲಿಗೆ ಸೊನ್ನೆ ಹಿಡಿದು, ಅದನ್ನು ಮೊಳೆಯಲ್ಲೇ ಬಿಟ್ಟು, ಹೊಸದರಲ್ಲಿ ಮಕ್ಕಳನ್ನು ತೂಗಿದ್ದಳು. ಬೀದಿಯಲ್ಲಿ ತಾಯಂದಿರು ಮಗುವಿಗೆ ಜೋಲಿ ತೊಡಿಸಿಯೇ ಕೊಕ್ಕೆಗೆ ಸಿಕ್ಕಿಸುವುದರಿಂದ ಖಾಲಿ ಜೋಲಿಯನ್ನು ಯಾರೂ ತೂಗಿ ನೋಡಿರಲಿಲ್ಲ. ನಾಲ್ಕು ಬೀದಿಯ ಮಕ್ಕಳೂ ಒಟ್ಟಿಗೆ ಮೈ ತುಂಬಿಕೊಂಡಿದ್ದು ಹೀಗೆ. ಮೇಲ್ವಿಚಾರಕಿ ಮೇಡಂ ಸಭೆಯಲ್ಲಿ ಅವಳನ್ನು ಎಬ್ಬಿಸಿ ಚಪ್ಪಾಳೆ ತಟ್ಟಿಸಿದ್ದರು. ಅವಳೂ ಹಲ್ಲು ಬಿಟ್ಟು ನಿಂತಿದ್ದಳು.

ಆಮೇಲೆ ಅವಳಿಗೆ ಇಸ್ತ್ರಿಯವಳ ಮಗಳು ನೆನಪಾದಳು. ಒಂದೂವರೆ ವರ್ಷದ ಕೂಸು, ಏಳು ಕಿಲೋ, ಕೆಂಪು. ಕಳೆದ ತಿಂಗಳು ಏಳು ಕಿಲೋ ನಾನೂರು ತೋರಿಸಿ ಹಳದಿಗೆ ಹತ್ತಿದ್ದಕ್ಕೆ ಪೊಟ್ಟಣ ನಿಂತುಹೋಗಿತ್ತು. ನಿಲ್ಲಿಸಿ ಎಂದು ಬರೆದವಳು ಇವಳೇ.

ಅಡುಗೆಮನೆಯಿಂದ ಬಾಗಿಲಿಗೆ, ಬಾಗಿಲಿಂದ ಅಡುಗೆಮನೆಗೆ ನಾಲ್ಕು ಸಲ ಓಡಾಡಿ ಮೇಡಂಗೆ ಫೋನು ಹಚ್ಚಿದಳು.

"ಅಯ್ಯೋ ಅಕ್ಕ, ವರದಿ ಮೇಲಕ್ಕೆ ಹೋಗಿಯಾಯ್ತಲ್ಲ," ಎಂದರು ಮೇಡಂ. ಆಮೇಲೆ ದನಿ ತಗ್ಗಿಸಿ, "ಒಂದು ಕೆಲಸ ಮಾಡಿ. ತಿಂಗಳಿಗೆ ನೂರು ನೂರು ಗ್ರಾಂ ಇಳಿಸ್ತಾ ಬನ್ನಿ. ನಾಲ್ಕು ತಿಂಗಳಲ್ಲಿ ಸರಿಹೋಗತ್ತೆ, ಯಾರಿಗೂ ಗೊತ್ತಾಗಲ್ಲ."

"ಹಸಿವು ನಾಲ್ಕು ತಿಂಗಳು ಕಾಯತ್ತಾ ಮೇಡಂ?"

"ನಿಮ್ಮ ಒಳ್ಳೇದಕ್ಕೇ ಹೇಳಿದೆ."

"ಎಲ್ಲಾ ಮಕ್ಕಳನ್ನೂ ಮತ್ತೆ ತೂಗ್ತೀನಿ. ತಪ್ಪು ನಂದು ಅಂತ ನಾನೇ ಬರೆದುಕೊಡ್ತೀನಿ." ಕೆಲಸ ಹೋದರೆ ಏನು ಗತಿ ಎಂಬ ಭಯವಿತ್ತು. ಚಪ್ಪಲಿ ಮಾತ್ರ ಆಗಲೇ ಮೆಟ್ಟಿಯಾಗಿತ್ತು.

ಬೀದಿ ಮೂಲೆಯ ಇಸ್ತ್ರಿ ಮೇಜಿನ ಹತ್ತಿರ ಅವಳು ಏದುಸಿರು ಬಿಡುತ್ತ ನಿಂತಾಗ ಇಸ್ತ್ರಿಯವಳು ಅಂಗಿಯ ತೋಳು ಮಡಚುತ್ತಿದ್ದಳು. ಮಗು ಎಂದಿನಂತೆ ಸೊಂಟದ ಮೇಲಿತ್ತು. ಮಾತಿಲ್ಲದೆ ತಕ್ಕಡಿ ಕಟ್ಟಿ, ಹೊಸ ಜೋಲಿಗೆ ಸೊನ್ನೆ ಹಿಡಿದು ತೂಗಿದರು. ಆರು ಕಿಲೋ ಒಂಬೈನೂರು.

ತೂಕದಕ್ಕ ಕಾರ್ಡಿನ ಹಳೆಯ ಚುಕ್ಕಿ ಹೊಡೆದುಹಾಕಿ, ಕೆಂಪಿನಲ್ಲಿ ಹೊಸದನ್ನಿಟ್ಟು ಸಹಿ ಮಾಡಿದಳು. "ಪೊಟ್ಟಣ ನಾಳೆಯಿಂದ ಮತ್ತೆ ಕೊಡ್ತೀನಿ. ಹೋದ ತಿಂಗಳು ನಾನು ತಪ್ಪು ತೂಗಿದ್ದೆ ಕಣಮ್ಮ. ಮಗು ಏನೂ ಏರಿರಲಿಲ್ಲ."

ಇಸ್ತ್ರಿಯವಳು ಬೈಯುತ್ತಾಳೆ ಎಂದು ಅವಳು ಕಾದಳು. ಬೈದಿದ್ದರೆ ಹಗುರಾಗುತ್ತಿತ್ತು.

"ನಂಗೊತ್ತಿತ್ತಕ್ಕ," ಎಂದಳು ಇಸ್ತ್ರಿಯವಳು ಮೆಲ್ಲಗೆ. "ದಿನಾ ಬೆಳಗಿಂದ ಸಂಜೆವರೆಗೂ ಹೊತ್ಕೊಂಡಿರೋಳಿಗೆ ತಿಳಿಯಲ್ವಾ? ಅವತ್ತು ಹೇಳೋಣ ಅಂದ್ಕೊಂಡೆ. ನೀವು 'ನೀನೂ ಹೇಳ್ಬೇಡ' ಅಂದ್ರಿ. ನನ್ನ ಸೊಂಟಾನೇ ಸುಳ್ಳು ಹೇಳ್ತಿದೆ ಅಂದ್ಕೊಂಡು ಸುಮ್ಮನಾದೆ."

ಹದಿನೆಂಟು ವರ್ಷದಲ್ಲಿ ಜೋಲಿಗೆ ಹಾಕುವುದು, ತೆಗೆಯುವುದು ಯಾವಾಗಲೂ ತಾಯಂದಿರ ಕೆಲಸವಾಗಿತ್ತು. ತೂಕದಕ್ಕನ ಕಣ್ಣು ಮುಳ್ಳಿನ ಮೇಲಿರುತ್ತಿತ್ತು. ಇವತ್ತು ತಾನೇ ಬಗ್ಗಿ ಮಗುವನ್ನು ಜೋಲಿಯಿಂದ ತೆಗೆದು ಸೊಂಟಕ್ಕೆ ಏರಿಸಿಕೊಂಡಳು. ಏನನ್ನೂ ಎತ್ತಿಕೊಂಡಂತೆಯೇ ಇರಲಿಲ್ಲ.