ಕೆಂಪು ಗೆರೆ ದಾಟಿದ ಮುಳ್ಳು

ನರಸಿಂಹರಾಜು ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವನು. ದೊಡ್ಡೇರಿಯಲ್ಲಿ ನನ್ನ ಪಂಕ್ಚರ್ ಅಂಗಡಿ ಮುಂದೆ ಲಾರಿ ನಿಲ್ಲಿಸಿದರೆ ಎಂಜಿನ್ ಆರಿಸುವುದಿಲ್ಲ. ಟೀ ಕೊಟ್ಟರೆ ಅರ್ಧ ಕುಡಿದು, ಗ್ಲಾಸನ್ನು ನನ್ನ ಟ್ಯೂಬುಗಳ ಮೇಲಿಟ್ಟು ಹೊರಟೇಬಿಡುತ್ತಾನೆ. ನಾನು ಬೆಂಚು ಹಾಕಿಸಿದ್ದೇ ದಂಡ. ಅದರ ಮೇಲೆ ಅವನು ಕೂತಿದ್ದನ್ನು ಕಂಡವರಿಲ್ಲ.

ಹುಲಿಕುಂಟೆ ಕಡೆಯ ಕುರಿಗಳನ್ನು ಪಾವಗಡದ ಕಡೆಗೆ ಸಾಗಿಸುವುದು ಅವನ ಕಸುಬು. ಏರು ಬಂದರೆ ಲಾರಿ ಏದುಸಿರು ಬಿಡುತ್ತದೆಂದು ಹೋದ ವರ್ಷ ಹಳೇ ಟರ್ಬೊ ಬಿಚ್ಚಿಸಿ ದೊಡ್ಡದೊಂದನ್ನು ಕೂರಿಸಿದ. ಟರ್ಬೊ ಎಂದರೆ ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ತಿದಿ ಅಂದುಕೊಳ್ಳಿ. ಎಷ್ಟು ಒತ್ತುತ್ತಿದೆ ಎಂದು ತೋರಿಸಲು ಸ್ಟೇರಿಂಗ್ ಪಕ್ಕದಲ್ಲಿ ಬೂಸ್ಟ್ ಮೀಟರನ್ನೂ ಹಾಕಿಸಿದ. ಊರಿಗೆ ಊರೇ ಬಂದು ನೋಡಿತು. "ರಾಜನ ಲಾರಿ ಇಮಾನ ಆಗೋಯ್ತಲ್ಲಪ್ಪಾ" ಅಂದರು.

ಅವನ ತಾಯಿ ಮಹಾಲಕ್ಷ್ಮಮ್ಮನಿಗೆ ಅಷ್ಟೇ ಸಾಕಾಯಿತು. ಲಾರಿಯಲ್ಲಿ ಹೋದ ಗಂಡ ಹೆಣವಾಗಿ ಮನೆಗೆ ಬಂದದ್ದನ್ನು ನೋಡಿದ ಜೀವ ಅದು. ಊರ ಕಣ್ಣು ಬಿತ್ತೆಂದು ಪ್ರತಿ ಅಮಾವಾಸ್ಯೆ ಬಾನೆಟ್ ಎತ್ತಿಸಿ, ಎಂಜಿನ್ನಿಗೆ ಕುಂಕುಮವಿಟ್ಟು, ನಿಂಬೆಹಣ್ಣು ಇಳಿ ತೆಗೆಯುವುದು ಶುರುವಾಯಿತು. "ಬಾರ್ಲಾ ಇಲ್ಲಿ, ಒಂದ್ ಗಳಿಗೆ" ಎಂದು ಕರೆದರೆ ಮಗ "ಆಮೇಲೆ ಕಣಮ್ಮ" ಎನ್ನುತ್ತಾ, ಕಿವಿಗೆ ಫೋನ್ ಒತ್ತಿಕೊಂಡು ಬೀದಿಯುದ್ದಕ್ಕೂ ಅಲೆಯುತ್ತಿದ್ದ.

ಈ ಮಳೆಗಾಲ ಮುಗಿಯುತ್ತಲೇ ಮೀಟರಿನ ಮುಳ್ಳು ಹಾದಿ ತಪ್ಪಿತು. ಇಪ್ಪತ್ತೈದಕ್ಕೆ ನಿಲ್ಲಬೇಕಾದದ್ದು ಏರಿನಲ್ಲಿ ಕೆಂಪು ಗೆರೆ ದಾಟತೊಡಗಿತು. ಬರಬರುತ್ತಾ ಇನ್ನೂ ಮೇಲೆ. ಮೀಟರೇ ಸುಳ್ಳು ಎಂದ ಒಬ್ಬ. ಟರ್ಬೊ ಜಾತಿಯೇ ಸರಿಯಿಲ್ಲ ಎಂದ ಇನ್ನೊಬ್ಬ. ರಾಜನ ತಲೆಗೆ ಹುಳ ಹೊಕ್ಕಿತು. ರಸ್ತೆ ಬಿಟ್ಟು ಮುಳ್ಳನ್ನೇ ನೋಡುತ್ತಾ ಓಡಿಸುತ್ತಾನೆ, ಕರ್ಮ! ಅವನ ಪಕ್ಕ ಕೂತು ನನ್ನ ಜೀವ ಬಾಯಿಗೆ ಬಂದಿದ್ದುಂಟು.

"ಅಣ್ಣಾ, ಗಾಳಿ ಜಾಸ್ತಿ ಆಗಿ ಪಿಸ್ಟನ್ ತೂತು ಬಿದ್ರೆ ಎಂಜಿನ್ನೇ ಹೋಯ್ತದೆ. ಏರಲ್ಲಿ ಕುರಿ ತುಂಬ್ಕಂಡಿರೋವಾಗ ಕೈ ಕೊಟ್ರೆ ಹೆಂಗೆ?" ಅಂದ. "ಲಾರಿ ಇಲ್ದೆ ನಾನೇನ್ ಮಾಡ್ಲಿ? ಅಂಗ್ಡೀಲಿ ಕುಂತು ಸಕ್ರೆ ಪೊಟ್ಣ ಕಟ್ಲಾ?"

ಈ ಸಲ ಸರಿಹೋಗದಿದ್ದರೆ ಲಾರಿಯನ್ನೇ ಮಾರಿಬಿಡುವುದೆಂದು ತೀರ್ಮಾನಿಸಿ ಶಿರಾದ ಜಬೀವುಲ್ಲಾ ಮೇಸ್ತ್ರಿ ಹತ್ತಿರ ಹೊರಟ. ಅಂಗಡಿ ಮುಚ್ಚಿಸಿ ನನ್ನನ್ನೂ ಎಳೆದುಕೊಂಡು ಹೋದ.

ಜಬೀವುಲ್ಲಾ ಅವಸರದ ಮನುಷ್ಯರಲ್ಲ. ಮೊದಲು ತಮ್ಮದೇ ಮೀಟರೊಂದನ್ನು ಜೋಡಿಸಿ ಮದಲೂರು ದಾರಿಯಲ್ಲಿ ಓಡಿಸಿ ನೋಡಿದರು. ಎರಡೂ ಮುಳ್ಳು ಒಂದೇ ಸಮ ಏರಿದವು.

"ಮೀಟರ್ ಝೂಟ್ ಹೇಳ್ತಿಲ್ಲ ರಾಜಣ್ಣ. ಗಾಳಿ ಜಾಸ್ತೀನೇ ಆಗ್ತೈತೆ."

ಗಾಳಿಯ ಒತ್ತಡ ಮಿತಿ ಮೀರಿದರೆ ಟರ್ಬೊ ಪಕ್ಕದ ಪುಟ್ಟ ಬಾಗಿಲು ತೆರೆದುಕೊಂಡು, ಟರ್ಬೊ ತಿರುಗಿಸುವ ಹೊಗೆಯನ್ನು ಬೇರೆ ದಾರಿಗೆ ಬಿಡಬೇಕು. ಆಗ ಟರ್ಬೊ ಆವೇಶ ಇಳಿಯುತ್ತದೆ. ಆ ಬಾಗಿಲಿಗೆ ಸುದ್ದಿ ಮುಟ್ಟಿಸುವುದು ಕಿರುಬೆರಳು ಗಾತ್ರದ ರಬ್ಬರ್ ಕೊಳವೆ. ಮೇಸ್ತ್ರಿ ಬಾಗಿಲಿಗೆ ನೇರವಾಗಿ ಗಾಳಿ ಕೊಟ್ಟರು, ತೆರೆಯಿತು. ಕೊಳವೆಯ ತುದಿ ಬಿಚ್ಚಿ ಬಾಯಿಟ್ಟು ಊದಿದರು. ಕೆನ್ನೆ ಉಬ್ಬಿತೇ ಹೊರತು ಗಾಳಿ ಆಚೆಗೆ ದಾಟಲಿಲ್ಲ. ರಾಜ ಮೈಮೇಲೆ ಇರುವೆ ಬಿಟ್ಟುಕೊಂಡವನಂತೆ ಲಾರಿ ಸುತ್ತುತ್ತಿದ್ದ. ಕೊಳವೆಯನ್ನು ಸವರುತ್ತಾ ಹೋದ ಮೇಸ್ತ್ರಿಯ ಬೆರಳು ಒಂದು ಮಸಿ ಮೂಲೆಯಲ್ಲಿ ನಿಂತಿತು.

"ಇದ್ಯಾರು ಕಟ್ಟಿದ್ದು?"

ಕುರಿ ಉಣ್ಣೆಯ ಕಪ್ಪು ದಾರ. ಒಂದರ ಪಕ್ಕ ಒಂದು, ಅಮಾವಾಸ್ಯೆಗೊಂದರಂತೆ, ಹಲ್ಲಲ್ಲಿ ಕಚ್ಚಿ ಎಳೆದಂತೆ ಬಿಗಿದ ಗಂಟುಗಳು, ಅವುಗಳ ಕೆಳಗೆ ಹಿಚುಕಿಹೋದ ಕೊಳವೆ. ಮುಳ್ಳು ಏರಿದಷ್ಟೂ ಮಗನ ಮುಖ ಬಾಡಿದೆ. ಮಗನ ಮುಖ ಬಾಡಿದಷ್ಟೂ ತಾಯಿ ಇನ್ನೊಂದು ದಾರ ಬಿಗಿದಿದ್ದಾರೆ. ನನಗೆ ನಗು ಉಕ್ಕಿ ಬಂತು, ರಾಜನ ಮುಖ ನೋಡಿ ನುಂಗಿಕೊಂಡೆ.

ಹೊಸ ಕೊಳವೆ ಹಾಕಿದ ಮೇಲೆ, ವಾಪಸು ಬರುವ ಏರಿನಲ್ಲಿ ಮುಳ್ಳು ಇಪ್ಪತ್ತೈದಕ್ಕೆ ಬಂದು ಸುಮ್ಮನೆ ನಿಂತಿತು. ರಾಜನ ಹಲ್ಲು ಕಡಿಯುವುದು ಮಾತ್ರ ನಿಲ್ಲಲಿಲ್ಲ. ಮನೆ ಮುಂದೆ ಲಾರಿ ನಿಲ್ಲಿಸಿದವನೇ ಹಾರಿ ಇಳಿದ. ನಾನೂ ಹಿಂದೆಯೇ ಓಡಿದೆ.

"ಇದೇನಮ್ಮಾ ಇದು?" ಹಳೇ ಕೊಳವೆಯಿಂದ ಬಿಡಿಸಿ ತಂದಿದ್ದ ದಾರಗಳನ್ನು ತಾಯಿಯ ಮುಖದ ಮುಂದೆ ಹಿಡಿದು ಕೂಗಿದ. "ಲಾರಿ ಕುತ್ಗೆ ಹಿಸುಕ್ಬುಟ್ಟಿದ್ಯಲ್ಲಾ! ಏರಲ್ಲಿ ಎಂಜಿನ್ ಒಡ್ದು ನಾನು ಸತ್ತಿದ್ರೆ?"

ಮಹಾಲಕ್ಷ್ಮಮ್ಮ ಜಗುಲಿಯಲ್ಲಿ ಕಡಲೆಕಾಯಿ ಬಿಡಿಸುತ್ತಿದ್ದರು. ಆ ಮಾತಿಗೆ, ಬಿಡಿಸಿದ ಬೀಜವನ್ನು ಸಿಪ್ಪೆಯ ಗುಡ್ಡೆಗೇ ಹಾಕಿಬಿಟ್ಟರು. ನನಗೆ ಅವನ ಕೆನ್ನೆಗೆ ಬಾರಿಸುವಷ್ಟು ಸಿಟ್ಟು ಬಂತು.

"ಲಾರಿಗೇ ಅಂತ ತಂದಿದ್ದಲ್ಲ ಕಣ್ಲಾ," ಅಂದರು. "ನಿನ್ ಕೈಗೆ ಕಟ್ಟಾಣ ಅಂತ. ಒಂದೊಂದು ಅಮಾಸೇಲೂ ದಾರ ಹಿಡ್ಕಂಡು ನಿನ್ನಿಂದೆ ತಿರುಗಿದ್ದೀನಿ. ಒಂದ್ ಗಳಿಗೆ ಕುಂತಿದ್ಯಾ ನೀನು? ನೀನಿರೋ ಜಾಗ ಅದೇ ಅಲ್ವಾ ಅಂತ ಅಲ್ಲೇ ಕಟ್ಬುಟ್ಟೆ."

ಬೀದಿಯಲ್ಲಿ ಎಂಜಿನ್ ಇನ್ನೂ ಓಡುತ್ತಲೇ ಇತ್ತು. ರಾಜ ಹೋಗಿ ಆರಿಸಿ ಬಂದ. ಜಗುಲಿಯ ಕೆಳಗೆ, ತಾಯಿಯ ಕಾಲ ಹತ್ತಿರ ಕೂತು ಬಲಗೈ ಚಾಚಿದ.

ಅವರು ಮಸಿ ಹಿಡಿದ ದಾರವನ್ನೇ ಸೆರಗಿನಲ್ಲಿ ಒರೆಸಿ ಮಣಿಕಟ್ಟಿಗೆ ಸುತ್ತಿದರು, ಗಂಟು ಹಾಕಿ ಹಲ್ಲಲ್ಲಿ ಕಚ್ಚಿ ಎಳೆದರು.

"ಬಿಗಿ ಆಯ್ತೇನ್ಲಾ?"

"ಇಲ್ಲ ಕಣಮ್ಮ," ಅಂದ ರಾಜ. "ಮಿಕ್ಕಿದ್ದೂ ಕಟ್ಟು."